ಕಬ್ಬಿಣಕ್ಕೆ ಹದ ಬರುವ ಬಗೆ



ನಿಮ್ಮ ಮನೆಯಲ್ಲೇ ಇರುವ ಮೂರು ಸಾಮಾನುಗಳನ್ನು ನೆನೆಸಿಕೊಳ್ಳಿ: ಬೀಡಿನ ದೋಸೆ ಹೆಂಚು, ಕಿಟಕಿಯ ಸರಳು, ಹೊಲಿಗೆಯ ಸೂಜಿ. ಮೂರೂ ಕಬ್ಬಿಣವೇ. ತೂಕದ ಲೆಕ್ಕದಲ್ಲಿ ಮೂರರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಕಬ್ಬಿಣ. ಆದರೂ ಹೆಂಚು ಕೈಜಾರಿ ಚಪ್ಪಡಿ ಕಲ್ಲಿನ ಮೇಲೆ ಬಿದ್ದರೆ ಎರಡು ಹೋಳಾಗುತ್ತದೆ. ಸರಳನ್ನು ಬಲವಾಗಿ ಎಳೆದರೆ ಬಾಗುತ್ತದೆ, ಬಾಗಿದಂತೆಯೇ ಉಳಿಯುತ್ತದೆ. ಸೂಜಿಯನ್ನು ಸ್ವಲ್ಪ ಬಾಗಿಸಿ ಬಿಟ್ಟರೆ ನೆಟ್ಟಗಾಗುತ್ತದೆ, ಅತಿಯಾಗಿ ಬಾಗಿಸಿದರೆ ಪಟ್ಟೆಂದು ಮುರಿಯುತ್ತದೆ. ಒಂದೇ ಲೋಹ ಹೀಗೆ ಮೂರು ರೀತಿ ನಡೆದುಕೊಳ್ಳುವುದು ಏಕೆ ಎಂಬುದೇ ಇವತ್ತಿನ ಮಾತು.

ಶಾಲೆಯಲ್ಲಿ ನಾವೆಲ್ಲ ಲೋಹದ ಗುಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೇವೆ. ಹೊಳಪಿರುತ್ತದೆ, ಬಡಿದರೆ ತಗಡಾಗುತ್ತದೆ, ಎಳೆದರೆ ತಂತಿಯಾಗುತ್ತದೆ, ಶಾಖವೂ ವಿದ್ಯುತ್ತೂ ಸಲೀಸಾಗಿ ಹರಿಯುತ್ತವೆ. ಪಟ್ಟಿಯೇನೋ ಸರಿ. ಆದರೆ ಅದನ್ನು ಕಲಿತ ಹುಡುಗ ಲೋಹದ ಗುಣ ಹುಟ್ಟಿನಿಂದಲೇ ಗಟ್ಟಿಯಾಗಿ ನಿಂತುಬಿಟ್ಟಿದೆ ಎಂದುಕೊಳ್ಳುತ್ತಾನೆ. ಕುಲುಮೆಯ ಮುಂದೆ ಕೂತ ಕಮ್ಮಾರ ಹಾಗೆ ಎಂದೂ ತಿಳಿದವನಲ್ಲ. ಯಾವ ಕಬ್ಬಿಣ ಎಂದು ಕೇಳುವಷ್ಟೇ ಕಾಳಜಿಯಿಂದ ಅವನು ಎಷ್ಟು ಕಾಯಿತು, ಹೇಗೆ ಏಟು ತಿಂದಿತು, ಎಷ್ಟು ಬೇಗ ಆರಿತು ಎಂದು ನೋಡುತ್ತಾನೆ. ತಾನು ಪಟ್ಟ ಪಾಡನ್ನೆಲ್ಲ ಲೋಹ ಒಳಗೆ ಉಳಿಸಿಕೊಂಡಿರುತ್ತದೆ. ಲೋಹಶಾಸ್ತ್ರದ ಬಹುಪಾಲು ಈ ಒಂದು ಸಂಗತಿಯ ವಿಸ್ತಾರ.

ಮೊದಲು ಅದಿರಿನಿಂದ ಶುರುಮಾಡೋಣ. ಸಂಡೂರು, ಹೊಸಪೇಟೆ ಕಡೆಯ ರಸ್ತೆಯಲ್ಲಿ ಹೋದವರ ಬಟ್ಟೆಗೆ ಅಂಟುವ ಕೆಂಪು ಧೂಳು ಕಬ್ಬಿಣವೂ ಆಮ್ಲಜನಕವೂ ಕೂಡಿದ ವಸ್ತು. ಗೇಟಿಗೆ ಹಿಡಿಯುವ ತುಕ್ಕೂ ಅದೇ ಕುಲದ್ದು. ಅಂದರೆ ಭೂಮಿಯಲ್ಲಿ ಕಬ್ಬಿಣಕ್ಕೆ ಸಹಜವಾದ ಸ್ಥಿತಿ ತುಕ್ಕೇ. ಅದರಿಂದ ಆಮ್ಲಜನಕವನ್ನು ಕಿತ್ತುಕೊಂಡು ಲೋಹ ಮಾಡುತ್ತೇವೆ, ಬಿಟ್ಟರೆ ಅದು ಮೆಲ್ಲಗೆ ಹಿಂದಕ್ಕೆ ಹೋಗುತ್ತದೆ.

ಆಮ್ಲಜನಕವನ್ನು ಕೀಳುವ ಕೆಲಸ ಇದ್ದಿಲಿನದು. ಇದ್ದಿಲು ಒಟ್ಟಿಗೇ ಎರಡು ಕೆಲಸ ಮಾಡುತ್ತದೆ. ಉರಿದು ಬಿಸಿ ಕೊಡುತ್ತದೆ. ಅರೆಬರೆ ಉರಿದಾಗ ಹುಟ್ಟುವ ಇಂಗಾಲದ ಮೊನಾಕ್ಸೈಡ್ ಅನಿಲ ಅದಿರಿನೊಳಗೆ ನುಗ್ಗಿ ಆಮ್ಲಜನಕವನ್ನು ಎಳೆದುಕೊಂಡು ಹೊರಗೆ ಹೋಗುತ್ತದೆ. ಹಳೆಯ ಕಾಲದ ಮಣ್ಣಿನ ಕುಲುಮೆಗಳಲ್ಲಿ ಬಿಸಿ ಕಬ್ಬಿಣವನ್ನು ಕರಗಿಸುವಷ್ಟು ಏರುತ್ತಿರಲಿಲ್ಲ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಹಾಗಾಗಿ ಸಿಗುತ್ತಿದ್ದದ್ದು ತೂತುತೂತಾದ ಒಂದು ಉಂಡೆ, ಅದರ ತುಂಬ ಕಿಟ್ಟ. ಕಾದಿರುವಾಗಲೇ ಬಡಿದು ಬಡಿದು ಕಿಟ್ಟವನ್ನು ಹಿಂಡಿ ತೆಗೆಯುತ್ತಿದ್ದರು. ನಮ್ಮ ಎಷ್ಟೋ ಊರುಗಳ ಹೊಲದಂಚಿನಲ್ಲಿ ನೇಗಿಲಿಗೆ ಸಿಗುವ ಕಪ್ಪು, ಗಾಜಿನ ಹೊಳಪಿನ ಕಲ್ಲುಚೂರುಗಳು ಆ ಕೆಲಸದ ಗುರುತು.

ಕುಲುಮೆಯನ್ನು ಎತ್ತರ ಮಾಡಿ ಗಾಳಿಯನ್ನು ಜೋರಾಗಿ ಊದಿದರೆ ಇನ್ನೊಂದು ಬಗೆಯ ವಸ್ತು ಸಿಗುತ್ತದೆ. ಆಗ ಕಬ್ಬಿಣ ಇದ್ದಿಲಿನ ಇಂಗಾಲವನ್ನೇ ಹೀರಿಕೊಳ್ಳುತ್ತದೆ. ನೂರಕ್ಕೆ ನಾಲ್ಕರಷ್ಟು ಇಂಗಾಲ ಸೇರಿದಾಗ ಅದು ಕರಗುವ ಬಿಸಿ ಸುಮಾರು 1150 ಡಿಗ್ರಿಗೆ ಇಳಿಯುತ್ತದೆ. ಹೀಗೆ ನೀರಾಗಿ ಹರಿದು ಬರುವುದೇ ಬೀಡು. ಅಚ್ಚಿಗೆ ಹೊಯ್ಯಲು ಸುಲಭ, ಬಿಸಿಯನ್ನು ಹಿಡಿದಿಡುತ್ತದೆ, ಹೆಂಚಿಗೆ ಹೇಳಿಮಾಡಿಸಿದ ಲೋಹ. ಆದರೆ ಹೆಚ್ಚಾದ ಇಂಗಾಲ ಅದರೊಳಗೆ ತೆಳ್ಳನೆಯ ಗ್ರಾಫೈಟ್ ಪದರಗಳಾಗಿ ಕೂತಿರುತ್ತದೆ. ಒಂದೊಂದು ಪದರವೂ ಮೊದಲೇ ಬಿಟ್ಟ ಒಂದೊಂದು ಬಿರುಕು. ಏಟು ಬಿದ್ದಾಗ ಅಲ್ಲಿಂದಲೇ ಸೀಳುತ್ತದೆ. ದೋಸೆ ಹೆಂಚಿನ ಪೆಡಸುತನಕ್ಕೆ ಕಾರಣ ಇಷ್ಟೇ.

ನಮ್ಮ ಭದ್ರಾವತಿ ಕಾರ್ಖಾನೆ ಇದ್ದಿಲಿನ ಕುಲುಮೆಗೆ ಒಂದು ದೊಡ್ಡ ಉದಾಹರಣೆ. 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ ಮೈಸೂರು ಸಂಸ್ಥಾನದ ಆ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಮಲೆನಾಡಿನ ಕಾಡಿತ್ತು. ಮರ ಸುಟ್ಟು ಇದ್ದಿಲು ಮಾಡಿದರು, ಸುಡುವಾಗ ಬರುವ ಹೊಗೆಯಿಂದಲೂ ರಾಸಾಯನಿಕಗಳನ್ನು ಇಳಿಸಿಕೊಂಡರು. ಸರ್ ಎಂ. ವಿಶ್ವೇಶ್ವರಯ್ಯನವರ ಹಟ ಅದರ ಹಿಂದೆ ಇತ್ತು. ಕಾಡಿಗೆ ಬಿದ್ದ ಹೊರೆಯೂ ಸಣ್ಣದಾಗಿರಲಿಲ್ಲ ಎಂದು ಹೇಳದೆ ಹೋದರೆ ತಪ್ಪಾಗುತ್ತದೆ. ಮುಂದೆ ಜೋಗದ ವಿದ್ಯುತ್ತು ಸಿಕ್ಕ ಮೇಲೆ ಅಲ್ಲಿಗೆ ವಿದ್ಯುತ್ ಕುಲುಮೆಗಳೂ ಬಂದವು.

ಈಗ ಉಕ್ಕಿನ ವಿಷಯ. ಇಂಗಾಲ ಇಲ್ಲದ ಕಬ್ಬಿಣ ಮೆತ್ತಗೆ, ಇಂಗಾಲ ಅತಿಯಾದ ಬೀಡು ಪೆಡಸು. ಇವೆರಡರ ನಡುವೆ ಇರುವುದು ಉಕ್ಕು. ಕಿಟಕಿಯ ಸರಳಿನಲ್ಲಿ ಇಂಗಾಲ ನೂರಕ್ಕೆ ಕಾಲು ಪಾಲೂ ಇರುವುದಿಲ್ಲ. ರೈಲು ಹಳಿಯಲ್ಲಿ ಮುಕ್ಕಾಲರ ಸುಮಾರು. ಅರದಲ್ಲಿ ಒಂದರ ಆಸುಪಾಸು. ಸಾವಿರ ಕಿಲೋ ಕಬ್ಬಿಣಕ್ಕೆ ಹತ್ತು ಕಿಲೋ ಇಂಗಾಲ ಸೇರಿದರೆ ಬೇಲಿತಂತಿಗೆ ಆಗುತ್ತಿದ್ದ ಲೋಹ ಅರವಾಗುವ ಯೋಗ್ಯತೆ ಪಡೆಯುತ್ತದೆ. ಈ ವ್ಯತ್ಯಾಸಕ್ಕೆ ಇಂಗಾಲವೇ ಕಾರಣ ಎಂದು ವಿಜ್ಞಾನಿಗಳು ಬರೆದಿಟ್ಟದ್ದು ತೀರ ಈಚೆಗೆ, 1786ರಲ್ಲಿ. ಬರೆದವರು ಫ್ರಾನ್ಸಿನ ವಾಂಡರ್‌ಮೋಂಡ್, ಬೆರ್ತೊಲೆ ಮತ್ತು ಮೋಂಜ್. ಜಗತ್ತಿನ ಕಮ್ಮಾರರು ಅಷ್ಟರೊಳಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಉಕ್ಕು ಮಾಡಿದ್ದರು.

ಅವರಲ್ಲಿ ನಮ್ಮ ದಕ್ಷಿಣದವರ ಕೆಲಸ ಎದ್ದುಕಾಣುವಂಥದ್ದು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿ ಕಂಡದ್ದನ್ನೆಲ್ಲ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಉಕ್ಕು ಮಾಡುವ ವಿಧಾನವೂ ಇದೆ. ಮಣ್ಣಿನ ಸಣ್ಣ ಮೂಸೆಯೊಳಗೆ ಕಬ್ಬಿಣದ ತುಂಡು ಇಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಅಂಥ ಹಲವು ಮೂಸೆಗಳನ್ನು ಒಟ್ಟಿಗೆ ಜೋಡಿಸಿ ಗಂಟೆಗಟ್ಟಲೆ ತಿದಿ ಊದುತ್ತಿದ್ದರು. ಕಡ್ಡಿ, ಎಲೆ ಒಳಗೇ ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣಕ್ಕೆ ಸೇರಿ, ಕರಗುವ ಬಿಸಿ ಇಳಿದು, ಕೊನೆಗೆ ತಳದಲ್ಲಿ ಒಂದು ಗಟ್ಟಿ ಉಕ್ಕಿನ ಬಿಲ್ಲೆ ಉಳಿಯುತ್ತಿತ್ತು. ಇಂಗಾಲ ಅದರಲ್ಲಿ ನೂರಕ್ಕೆ ಒಂದೂವರೆಯ ಸುಮಾರು. ಅರಬ್ಬರ, ಪರ್ಷಿಯಾದವರ ಹೆಸರುವಾಸಿ ಕತ್ತಿಗಳಿಗೆ ಹೋಗುತ್ತಿದ್ದದ್ದು ದಕ್ಷಿಣ ಭಾರತದ ಇಂಥ ಬಿಲ್ಲೆಗಳೇ. ಲಂಡನ್ನಿನಲ್ಲಿ ಜಾರ್ಜ್ ಪಿಯರ್‌ಸನ್ 1795ರಲ್ಲಿ ಇದರ ಮೇಲೆ ಪ್ರಬಂಧ ಓದಿದ. ಮೈಕೆಲ್ ಫ್ಯಾರಡೆ, ವಿದ್ಯುತ್ತಿನ ಪ್ರಯೋಗಗಳಿಂದ ಹೆಸರಾಗುವ ಮೊದಲೇ, ಈ ಉಕ್ಕಿನ ಗುಟ್ಟು ತಿಳಿಯಲು ಪ್ರಯೋಗ ಮಾಡುತ್ತಿದ್ದ.

ಯುರೋಪಿನ ಕಮ್ಮಾರರಿಗೆ ಈ ಬಿಲ್ಲೆ ಬಗ್ಗಲಿಲ್ಲ. ತಮ್ಮ ಕಬ್ಬಿಣವನ್ನು ಕಾಯಿಸುವಂತೆ ಬಿಳಿಬಿಳಿಯಾಗಿ ಕಾಯಿಸಿ ಸುತ್ತಿಗೆ ಎತ್ತಿದರೆ ಅದು ಪುಡಿಪುಡಿಯಾಗುತ್ತಿತ್ತು. ಇಂಗಾಲ ಜಾಸ್ತಿ ಇರುವ ಉಕ್ಕನ್ನು ಕೆಂಪಿನ ಹಂತದಲ್ಲೇ ತಾಳ್ಮೆಯಿಂದ ಬಡಿಯಬೇಕು. ಬಿಲ್ಲೆ ಹಡಗು ಹತ್ತಿ ಹೋಯಿತು, ಅದನ್ನು ಬಡಿಯುವ ಕೈಯ ತಿಳಿವಳಿಕೆ ಜೊತೆಗೆ ಹೋಗಲಿಲ್ಲ.

ಇನ್ನು ಲೋಹದ ಒಳಕ್ಕೆ ಹೋಗೋಣ. ಹೊಸ ಗ್ಯಾಲ್ವನೈಸ್ ಬಕೆಟ್ಟಿನ ಮೈಮೇಲೆ ಹೂವಿನಾಕಾರದ, ಬೆಳಕಿಗೆ ಬೇರೆಬೇರೆಯಾಗಿ ಹೊಳೆಯುವ ತೇಪೆಗಳನ್ನು ನೋಡಿರುತ್ತೀರಿ. ಅವು ಸತುವಿನ ಹರಳುಗಳು. ಎಲ್ಲ ಲೋಹವೂ ಹೀಗೆ ಹರಳುಗಳ ಒಟ್ಟಲು. ಬಹಳ ಲೋಹಗಳಲ್ಲಿ ಅವು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಹಳೆಯ ಹಿತ್ತಾಳೆ ಹಿಡಿಕೆಗಳಲ್ಲಿ ಮಾತ್ರ, ಎಷ್ಟೋ ವರ್ಷ ಕೈಬೆವರು ತಾಗಿ, ಕೆಲವೊಮ್ಮೆ ಹರಳಿನ ಅಂಚುಗಳು ಕಾಣಿಸಿಕೊಳ್ಳುತ್ತವೆ. ಉಕ್ಕನ್ನು ನುಣುಪಾಗಿ ಉಜ್ಜಿ, ಆಮ್ಲ ಸವರಿ, ಸೂಕ್ಷ್ಮದರ್ಶಕದಡಿ ಇಟ್ಟು ಅದರ ಒಳರಚನೆಯನ್ನು ಮೊದಲು ಕಂಡವನು ಇಂಗ್ಲೆಂಡಿನ ಶೆಫೀಲ್ಡಿನ ಹೆನ್ರಿ ಸಾರ್ಬಿ, 1860ರ ದಶಕದಲ್ಲಿ. ಪ್ರತಿ ಹರಳಿನೊಳಗೂ ಪರಮಾಣುಗಳು ಸಾಲುಸಾಲಾಗಿ, ಕಟ್ಟುನಿಟ್ಟಾಗಿ ನಿಂತಿರುತ್ತವೆ.

ಇಲ್ಲಿ ಒಂದು ಒಗಟು ಎದುರಾಯಿತು. ಅಷ್ಟು ಬಿಗಿಯಾಗಿ ನಿಂತ ಸಾಲುಗಳನ್ನು ಒಂದರ ಮೇಲೊಂದು ಜಾರಿಸಲು ಎಷ್ಟು ಬಲ ಬೇಕೆಂದು ಭೌತವಿಜ್ಞಾನಿಗಳು ಲೆಕ್ಕ ಹಾಕಿದರು. ಬಂದ ಉತ್ತರ ನಿಜವಾದ ಲೋಹ ತಾಳುವುದಕ್ಕಿಂತ ನೂರಾರು ಪಟ್ಟು, ಕೆಲವು ಲೋಹಗಳಲ್ಲಿ ಸಾವಿರಾರು ಪಟ್ಟು ಹೆಚ್ಚು. ಲೆಕ್ಕ ನಂಬಿದರೆ ತಾಮ್ರದ ತಂತಿಯನ್ನು ಕೈಯಿಂದ ಬಾಗಿಸುವಂತೆಯೇ ಇಲ್ಲ. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ಮದುವೆ ಮನೆಯಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಒಂದು ಗೇಣು ಆಚೆ ಸರಿಸಬೇಕೆಂದುಕೊಳ್ಳಿ. ಅಂಚು ಹಿಡಿದು ಎಳೆದರೆ ನಾಲ್ಕಾಳಿಗೂ ಜಗ್ಗುವುದಿಲ್ಲ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಕಾಲಿನಿಂದ ದಬ್ಬುತ್ತ ಇನ್ನೊಂದು ತುದಿಗೆ ಒಯ್ದರೆ ಇಡೀ ಜಮಖಾನ ಸರಿದಿರುತ್ತದೆ, ಒಬ್ಬನೇ ಸಾಕು. ಲೋಹದ ಹರಳಿನಲ್ಲೂ ಸಾಲು ತಪ್ಪಿದ ಇಂಥ ಸುಕ್ಕುಗಳಿವೆ. ಬಾಗುವಾಗ ಸಾಲಿಗೆ ಸಾಲೇ ಒಮ್ಮೆಗೆ ಜಾರುವುದಿಲ್ಲ, ಸುಕ್ಕು ಓಡುತ್ತದೆ. ಇಪ್ಪತ್ತೆರಡು ವರ್ಷಗಳ ನಂತರ, 1956ರಲ್ಲಿ, ಕೇಂಬ್ರಿಜ್‌ನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಈ ಸುಕ್ಕುಗಳು ಅಲ್ಯೂಮಿನಿಯಂ ಹಾಳೆಯೊಳಗೆ ಓಡಾಡುವುದನ್ನು ವಿಜ್ಞಾನಿಗಳು ಕಣ್ಣಾರೆ ಕಂಡರು.

ಈ ಒಂದು ವಿಚಾರ ಹಿಡಿದುಕೊಂಡರೆ ಬಹಳ ಸಂಗತಿಗಳು ಬಿಡಿಸಿಕೊಳ್ಳುತ್ತವೆ. ಸುಕ್ಕು ಸಲೀಸಾಗಿ ಓಡಿದರೆ ಲೋಹ ಮಿದು. ಓಟಕ್ಕೆ ಅಡ್ಡಿ ಬಂದರೆ ಗಡಸು. ಓಡುವುದಕ್ಕೆ ದಾರಿಯೇ ಇಲ್ಲವಾದರೆ ಪೆಡಸು, ಬಾಗುವ ಬದಲು ಬಿರಿಯುತ್ತದೆ.

ಮನೆಯಲ್ಲೇ ಮಾಡಿನೋಡಬಹುದು. ಒಂದು ತುಂಡು ಕಟ್ಟುವ ತಂತಿ ತೆಗೆದುಕೊಂಡು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಾಗಿಸಿ. ಮೊದಮೊದಲು ಸುಲಭ. ಬರಬರುತ್ತ ಆ ಜಾಗ ಬಿಗಿಯುತ್ತದೆ, ಬೆಚ್ಚಗಾಗುತ್ತದೆ, ಕೊನೆಗೆ ತುಂಡಾಗುತ್ತದೆ. ಪ್ರತಿ ಸಲ ಬಾಗಿಸಿದಾಗಲೂ ಹೊಸ ಸುಕ್ಕುಗಳು ಹುಟ್ಟಿ, ಒಂದಕ್ಕೊಂದು ತೊಡರಿಕೊಂಡು, ಯಾವುದೂ ಮುಂದೆ ಹೋಗದಂತಾಗುತ್ತದೆ. ತಾಮ್ರದ ಬಿಂದಿಗೆ ಬಡಿಯುವವರು ಇದನ್ನು ಬಲ್ಲರು. ನಾಲ್ಕು ಸುತ್ತು ಬಡಿದ ಮೇಲೆ ತಗಡು ಬಿಗಿಯಿತೆಂದು ಒಲೆಗೆ ಹಾಕಿ ಕೆಂಪಗೆ ಕಾಯಿಸುತ್ತಾರೆ. ಬಿಸಿಗೆ ತೊಡಕು ಬಿಚ್ಚಿ, ಹಳೆಯ ನಲುಗಿದ ಹರಳುಗಳ ಜಾಗದಲ್ಲಿ ಹೊಸ ಹರಳುಗಳು ಬೆಳೆಯುತ್ತವೆ, ತಗಡು ಮತ್ತೆ ಮೆತ್ತಗಾಗುತ್ತದೆ. ಅಕ್ಕಸಾಲಿಗರು ಚಿನ್ನದ ತಂತಿ ಎಳೆಯುವಾಗ ನಡುನಡುವೆ ಕಾಯಿಸುವುದೂ ಇದಕ್ಕೇ.

ಬೆರಕೆಯಿಂದಲೂ ಅಡ್ಡಿ ಹಾಕಬಹುದು. ತಾಮ್ರದ ಸಾಲಿನಲ್ಲಿ ಅಳತೆ ಬೇರೆಯಾದ ತವರದ ಪರಮಾಣು ಬಂದು ನಿಂತರೆ ಸಾಲು ಉಬ್ಬುತ್ತದೆ, ಸುಕ್ಕಿನ ಓಟ ತಡೆಯುತ್ತದೆ. ಹಾಗೆ ಗಡಸಾದದ್ದು ಕಂಚು. ಒಡವೆಯ ಮೇಲೆ 916 ಎಂಬ ಮುದ್ರೆ ಇದ್ದರೆ ಸಾವಿರಕ್ಕೆ 916 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ. ಬೆರಕೆ ಎಂದರೆ ಮೋಸ ಎಂಬ ಭಾವನೆ ನಮ್ಮಲ್ಲಿದೆ. ಅಪ್ಪಟ ಚಿನ್ನದ ಬಳೆ ದಿನಬಳಕೆಗೆ ನಿಲ್ಲುವುದಿಲ್ಲ.

ತಾಮ್ರವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಮಿದುವೇ ಆಗುತ್ತದೆ. ಉಕ್ಕನ್ನು ಹಾಗೆ ಅದ್ದಿದರೆ ಗಾಜನ್ನು ಗೀರುವಷ್ಟು ಗಡಸಾಗುತ್ತದೆ. ಕಬ್ಬಿಣದ ದೊಡ್ಡ ವಿಶೇಷ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಬ್ಬಿಣದ ಪರಮಾಣುಗಳು ಎರಡು ರೀತಿ ಜೋಡಿಸಿಕೊಳ್ಳಬಲ್ಲವು. ತಣ್ಣಗಿರುವಾಗ ಒಂದು ಜೋಡಣೆ. 912 ಡಿಗ್ರಿ ದಾಟಿದರೆ, ಇನ್ನೂ ಗಟ್ಟಿ ಲೋಹವಾಗಿದ್ದಾಗಲೇ, ಪರಮಾಣುಗಳು ತಾವೇ ಜಾಗ ಬದಲಿಸಿ ಬೇರೆ ಜೋಡಣೆಗೆ ಹೋಗುತ್ತವೆ. ಇಂಗಾಲ ಸೇರಿದ ಉಕ್ಕಿನಲ್ಲಿ ಈ ಬದಲಾವಣೆ 727 ಡಿಗ್ರಿಯಿಂದಲೇ ಶುರುವಾಗುತ್ತದೆ. ಬಿಸಿಯ ಜೋಡಣೆಯ ಸಂದುಗಳಲ್ಲಿ ಇಂಗಾಲಕ್ಕೆ ಧಾರಾಳ ಜಾಗ, ನೂರಕ್ಕೆ ಎರಡರವರೆಗೂ ಕೂರಬಹುದು. ತಂಪಿನ ಜೋಡಣೆಯಲ್ಲಿ ಅದರ ನೂರರಲ್ಲೊಂದು ಪಾಲಿಗೂ ಜಾಗ ಕಷ್ಟ.

ಕಾದ ಉಕ್ಕನ್ನು ಬೂದಿಯಲ್ಲಿ ಹುಗಿದು ಮೆಲ್ಲಗೆ ಆರಲು ಬಿಟ್ಟರೆ ಇಂಗಾಲ ನಿಧಾನವಾಗಿ ಹೊರಬಂದು, ಕಬ್ಬಿಣದೊಂದಿಗೆ ಕೂಡಿ ತೆಳ್ಳನೆ ಪದರಗಳಾಗಿ ಬೇರೆ ಕೂರುತ್ತದೆ. ಅಂಥ ಉಕ್ಕನ್ನು ಅರ ಹಾಕಬಹುದು, ಕೊರೆಯಬಹುದು. ನೀರಿಗೆ ಅದ್ದಿದರೆ ಇಂಗಾಲಕ್ಕೆ ಹೊರಬರಲು ಹೊತ್ತೇ ಸಿಗುವುದಿಲ್ಲ. ಜೋಡಣೆ ಬದಲಾಗಿಬಿಡುತ್ತದೆ, ಇಂಗಾಲ ಇಕ್ಕಟ್ಟಿನಲ್ಲಿ ಸಿಕ್ಕಿಬೀಳುತ್ತದೆ. ಎಲ್ಲ ಸಾಲುಗಳೂ ಸೆಟೆದುಕೊಳ್ಳುತ್ತವೆ, ಸುಕ್ಕು ಓಡಲಾಗುವುದಿಲ್ಲ. ಈ ಸೆಟೆದ ರಚನೆಗೆ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಹೆಸರಿನಿಂದ ಮಾರ್ಟೆನ್ಸೈಟ್ ಎನ್ನುತ್ತಾರೆ. ಬಹಳ ಗಡಸು, ಅಷ್ಟೇ ಪೆಡಸು. ಹಾಗೇ ಬಿಟ್ಟರೆ ಉಳಿಯ ಬಾಯಿ ಮೊದಲ ಏಟಿಗೇ ಚಕ್ಕೆ ಏಳುತ್ತದೆ.

ಅದಕ್ಕೇ ಇನ್ನೊಮ್ಮೆ ಮೆಲುವಾಗಿ ಕಾಯಿಸಬೇಕು. ಎರಡುನೂರರಿಂದ ಮುನ್ನೂರು ಡಿಗ್ರಿಯ ಬಿಸಿಗೆ ಸ್ವಲ್ಪ ಇಂಗಾಲ ತಪ್ಪಿಸಿಕೊಳ್ಳುತ್ತದೆ, ಬಿಗುವು ಒಂದಿಷ್ಟು ಸಡಿಲುತ್ತದೆ. ಗಡಸು ಚೂರು ಇಳಿಯುತ್ತದೆ, ತಾಳಿಕೆ ಬಹಳ ಏರುತ್ತದೆ. ಹದ ಎಂದರೆ ಇದೇ. ಕಲ್ಲುಕುಟಿಗರ ಉಳಿಗೆ ಕಮ್ಮಾರ ಇದನ್ನು ಒಂದೇ ಕಾವಿನಲ್ಲಿ ಮಾಡಿಮುಗಿಸುವುದನ್ನು ನೋಡಬೇಕು. ಉಳಿಯನ್ನು ಕೆಂಪಗೆ ಕಾಯಿಸಿ ತುದಿ ಮಾತ್ರ ನೀರಿಗೆ ಹಿಡಿಯುತ್ತಾನೆ. ತುದಿ ಗಡಸಾಯಿತು, ಹಿಂಭಾಗ ಇನ್ನೂ ಕಾದಿದೆ. ಹೊರಗೆ ತೆಗೆದು ತುದಿಯನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸಿ ನೋಡುತ್ತ ಕೂರುತ್ತಾನೆ. ಹಿಂದಿನ ಬಿಸಿ ತುದಿಗೆ ಹರಿದು ಬರುತ್ತಿದ್ದಂತೆ ಹೊಳಪಿನ ಮೇಲೆ ಬಣ್ಣಗಳು ಓಡುತ್ತವೆ: ಒಣಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ. ಹಳದಿ ಅಂದರೆ ಸುಮಾರು 220 ಡಿಗ್ರಿ, ಕಂದು 255, ನೇರಳೆ 280, ನೀಲಿ 300ರ ಹತ್ತಿರ. ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡ್ ಪೊರೆ ದಪ್ಪವಾದಂತೆಲ್ಲ ಬಣ್ಣ ಬದಲಾಗುತ್ತದೆ. ಬೇಕಾದ ಬಣ್ಣ ತುದಿ ಮುಟ್ಟಿದ ಕ್ಷಣ ಇಡೀ ಉಳಿಯನ್ನು ನೀರಿಗೆ ಅದ್ದುತ್ತಾನೆ. ಕ್ಷೌರದ ಕತ್ತಿಗೆ ಹಳದಿ ಸಾಕು, ಏಟು ತಿನ್ನುವ ಉಳಿಗೆ ನೇರಳೆ ಬೇಕು, ಸ್ಪ್ರಿಂಗಿಗೆ ನೀಲಿ. ಉಷ್ಣಮಾಪಕವಿಲ್ಲದೆ ಹತ್ತು ಹದಿನೈದು ಡಿಗ್ರಿಯ ಅಂತರವನ್ನು ಕಣ್ಣಿನಲ್ಲಿ ಅಳೆಯುವ ಈ ವಿದ್ಯೆಯನ್ನು ಬರೀ ಕೈಕಸುಬು ಎಂದು ಕರೆದು ಪಠ್ಯಪುಸ್ತಕದ ಹೊರಗಿಟ್ಟದ್ದು ನನಗೆ ನೋವಿನ ವಿಷಯ.

ಮನೆ ಕಟ್ಟುವವರಿಗೆಲ್ಲ ಗೊತ್ತಿರುವ ಟಿಎಂಟಿ ಕಂಬಿಯ ಒಳಗುಟ್ಟೂ ಇದೇ. ಕಾರ್ಖಾನೆಯಲ್ಲಿ ಕೆಂಡದಂತೆ ಹೊರಬರುವ ಕಂಬಿಯನ್ನು ನೀರಿನ ಜೋರು ಧಾರೆಗಳ ನಡುವೆ ಕ್ಷಣಮಾತ್ರ ಹಾಯಿಸುತ್ತಾರೆ. ಹೊರಮೈ ಗಡಸಾಗುತ್ತದೆ, ತಿರುಳು ಕಾದೇ ಇರುತ್ತದೆ. ಆಚೆ ಬಂದ ಮೇಲೆ ತಿರುಳಿನ ಬಿಸಿಯೇ ಹೊರಕ್ಕೆ ಹರಿದು ಹೊರಮೈಗೆ ಹದ ಕೊಡುತ್ತದೆ. ಉಳಿಯಲ್ಲಿ ಹಿಂದಿನಿಂದ ತುದಿಗೆ ಹರಿದ ಬಿಸಿ ಇಲ್ಲಿ ಒಳಗಿನಿಂದ ಹೊರಗೆ ಹರಿಯಿತು. ಕಂಬಿಯ ತುಂಡನ್ನು ನುಣುಪು ಮಾಡಿ ಆಮ್ಲ ಸವರಿದರೆ ಅಂಚಿನಲ್ಲಿ ಕಪ್ಪು ಉಂಗುರ, ನಡುವೆ ತಿಳಿ ಬಣ್ಣದ ತಿರುಳು ಕಾಣುತ್ತದೆ. ಉಂಗುರ ಭಾರ ಹೊರುತ್ತದೆ, ಮಿದುವಾದ ತಿರುಳು ಭೂಕಂಪದಂಥ ಹೊತ್ತಿನಲ್ಲಿ ಬಾಗಿ ತಾಳಿಕೊಳ್ಳುತ್ತದೆ. ಕೆಲವೆಡೆ ದಪ್ಪ ಕಂಬಿ ಬಗ್ಗದೆಂದು ಗ್ಯಾಸ್ ಜ್ವಾಲೆ ಹಿಡಿದು ಕೆಂಪಗೆ ಮಾಡಿ ಬಾಗಿಸುತ್ತಾರೆ. ಹಾಗೆ ಮಾಡಿದ ಜಾಗದಲ್ಲಿ ಆ ಉಂಗುರದ ಹದ ಹೋಗುತ್ತದೆ. ದಯವಿಟ್ಟು ಮಾಡಗೊಡಬೇಡಿ.

ಬಿಸಿಯ ಹಾಗೆಯೇ ಚಳಿಯೂ ಉಕ್ಕನ್ನು ಬದಲಿಸುತ್ತದೆ. 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಹೊಸ ತೈಲಹಡಗು ಶೆನೆಕ್ಟಡಿ, ಅಲೆಯಿಲ್ಲದ ನೀರಿನಲ್ಲಿ ಕಟ್ಟಿ ನಿಲ್ಲಿಸಿದ್ದಾಗಲೇ, ನಡುಮಧ್ಯೆ ಸೀಳಿತು. ಯುದ್ಧಕಾಲದ ಇನ್ನೂ ಹಲವು ಹಡಗುಗಳಿಗೆ ಹೀಗಾಯಿತು. ಬೆಸುಗೆಯದೇ ತಪ್ಪು ಎಂದುಕೊಂಡವರು ಬಹಳ. ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿಜ್ಞಾನಿ ಆ ಉಕ್ಕೇ ಒಂದು ಮಟ್ಟದ ಚಳಿಯ ಕೆಳಗೆ ಬಾಗುವ ಗುಣ ಕಳೆದುಕೊಳ್ಳುತ್ತದೆ ಎಂದು ತೋರಿಸಿಕೊಟ್ಟರು.

ಸ್ಟೀಲ್ ಪಾತ್ರೆಗಳ ಬಗ್ಗೆಯೂ ಎರಡು ಮಾತು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆತ ಉಕ್ಕು ತುಕ್ಕು ಹಿಡಿಯದ್ದನ್ನು ಗುರುತಿಸಿದ. ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಪೊರೆ ತಾನೇ ಮತ್ತೆ ಮೂಡುತ್ತದೆ. ಇದಕ್ಕೆ ನಿಕಲ್ಲನ್ನೂ ಸೇರಿಸಿದರೆ ಕಬ್ಬಿಣ ತನ್ನ ಬಿಸಿಯ ಜೋಡಣೆಯನ್ನು ತಣ್ಣಗಿದ್ದಾಗಲೂ ಬಿಡುವುದಿಲ್ಲ. ಆ ಜೋಡಣೆಗೆ ಅಯಸ್ಕಾಂತ ಅಂಟದು. ಅಂಗಡಿಯವರು ಅಯಸ್ಕಾಂತ ಹಿಡಿದು ಪಾತ್ರೆ ಒಳ್ಳೆಯದೆಂದು ತೋರಿಸುವುದು ಇದರ ಮೇಲೆಯೇ. ಆದರೆ ಅಗ್ಗದ ಮ್ಯಾಂಗನೀಸ್ ಹೆಚ್ಚು ಹಾಕಿದರೂ ಅಯಸ್ಕಾಂತ ಅಂಟುವುದಿಲ್ಲ. ಹಾಗಾಗಿ ಆ ಪರೀಕ್ಷೆಯೊಂದನ್ನೇ ನಂಬಬೇಡಿ.

ಕೊನೆಯದಾಗಿ, ಕುಡುಗೋಲು, ಮಚ್ಚು ಮಾಡಿಸುವ ರೈತ ಬಂಧುಗಳಿಗೆ. ತೆಳು ತಗಡನ್ನೋ ಕಟ್ಟಡದ ಪಟ್ಟಿಯನ್ನೋ ಕತ್ತರಿಸಿ ಮಾಡಿದ ಅಲಗಿನಲ್ಲಿ ಇಂಗಾಲವೇ ಸಾಲದು. ಎಷ್ಟು ಸಲ ನೀರಿಗೆ ಅದ್ದಿದರೂ ಅದಕ್ಕೆ ಹದ ಬಾರದು, ಕಮ್ಮಾರನನ್ನು ದೂರಿ ಫಲವಿಲ್ಲ. ಲಾರಿಯ ಹಳೆಯ ಕಮಾನು ಪಟ್ಟಿಯಲ್ಲಿ ಇಂಗಾಲ ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚೇ ಇರುತ್ತದೆ, ಅದನ್ನೇ ಕೊಟ್ಟು ಮಾಡಿಸಿ. ಸಾಣೆ ಯಂತ್ರಕ್ಕೆ ಹಿಡಿಯುವಾಗ ಪಕ್ಕದಲ್ಲಿ ನೀರಿಟ್ಟುಕೊಂಡು ಅಲಗನ್ನು ಪದೇಪದೇ ಅದ್ದುತ್ತಿರಿ. ಅಂಚು ನೀಲಿಗೆ ತಿರುಗಿತೆಂದರೆ ಅಲ್ಲಿ ಹದ ಮೀರಿತು, ಅಂಚು ಇನ್ನು ನಿಲ್ಲುವುದಿಲ್ಲ. ಸೋಕಿದ್ದು ಕೂದಲೆಳೆಯಷ್ಟಾದರೆ ತಣ್ಣನೆಯ ಸಾಣೆಕಲ್ಲಿನ ಮೇಲೆ ಅಷ್ಟನ್ನು ತೇದು ತೆಗೆಯಿರಿ. ಜಾಸ್ತಿಯಾಗಿದ್ದರೆ ಕುಲುಮೆಗೆ ಒಯ್ದು ಮತ್ತೆ ಕಾಯಿಸಿ ಹದ ಹಾಕಿಸಿ.